ಕ್ಯಾಂಪಿಗೆ ಎರಡು ಡಬರಿ

ಸರ್ಕಾರಿ ಹೈಸ್ಕೂಲಿನಲ್ಲಿ ಹಿಂದಿ ಟೀಚರ್ ಅಂದ್ರೆ ಮದುವೆ ಮನೆಗೆ ಬಂದ ಬಡ ನೆಂಟಳು ಇದ್ದ ಹಾಗೆ. ಯಾರಿಗೂ ಬೇಡದ ಕೆಲಸ ಎಲ್ಲ ಅವಳ ತಲೆಗೇ. ಗಣಿತದವರಿಗೆ ಪೋರ್ಷನ್ ಮುಗಿದಿರಲ್ಲ, ವಿಜ್ಞಾನದವರಿಗೆ ಸಕ್ಕರೆ ಕಾಯಿಲೆ, ಇಂಗ್ಲಿಷಿನವರಿಗೆ ಕೊಬ್ಬು. ಪಿ.ಟಿ. ಮೇಷ್ಟ್ರು ವರ್ಗ ಆಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹಾಗಾಗಿ ಒಂದು ದಿನ ಹೆಡ್‌ಮಾಸ್ಟರು ನನ್ನ ಕರೆದು, "ಮೇಡಂ, ಸ್ಕೌಟ್ ನೀವೇ ನೋಡ್ಕೊಂಡ್ಬಿಡಿ" ಅಂದ್ರು, ಒಲೆ ಮೇಲೆ ಹಾಲಿದೆ ಸ್ವಲ್ಪ ನೋಡ್ಕೊಳ್ಳಿ ಅನ್ನೋ ಧಾಟೀಲಿ. ಸೀರೆ ಉಡೋ ಹೆಂಗಸು ನಾನು, ಗಂಡುಹುಡುಗರ ಸ್ಕೌಟು ನನಗ್ಯಾಕೆ ಸರ್ ಅಂದೆ. "ಅಡ್ಜಸ್ಟ್ ಮಾಡ್ಕೊಳ್ಳಿ" ಅಂದ್ರು. ಆ ಮನುಷ್ಯನ ಬಾಯಲ್ಲಿ ಬೆಳಗಿಂದ ಸಾಯಂಕಾಲದ ತನಕ ಅದೇ ಮಾತು. ಇವತ್ತಿಗೂ ಬಸ್ಸಲ್ಲಿ ಯಾರಾದ್ರೂ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅಂದ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಸರಿದು ಕೂರೋದೂ ಇಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ನನ್ನ ಮನೆ ನಂಜನಗೂಡಿನಲ್ಲಿ, ಕೆಲಸ ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳೀಲಿ. ದಿನಾ ಎರಡು ಬಸ್ಸು ಹತ್ತಿ ಇಳೀಬೇಕು. ಆ ಊರಿಗೆ ಕಾಲಿಟ್ಟ ಮೊದಲನೇ ದಿನವೇ, ಬಸ್ ಸ್ಟಾಪಿನ ಟೀ ಅಂಗಡಿಯವನು, ಶಾಲೆಯ ಅಟೆಂಡರು, ಸಹೋದ್ಯೋಗಿ ಒಬ್ಬರು, ಮೂವರೂ ಕೇಳಿದ ಪ್ರಶ್ನೆ ಒಂದೇ: "ನೀವು ಯಾವ ಜನ?" ಹಿಂದಿ ಮೇಷ್ಟ್ರ ಜನ ಅಂದೆ. ಟೀ ಅಂಗಡಿಯವನು ಅದೂ ಒಂದು ಜಾತಿ ಇರಬಹುದು ಅಂತ ತಲೆ ಆಡಿಸಿದ. ನೀವೂ ತಿಳ್ಕೊಳ್ಳೋಕೆ ಕಾಯ್ತಿದ್ರೆ ಕಾಯ್ತಾ ಇರಿ, ಇಲ್ಲೂ ಹೇಳಲ್ಲ.

ಏಳು ದಿನದ ಒಂದು ತರಬೇತಿಗೆ ಕಳಿಸಿ, ಕೊರಳಿಗೆ ಒಂದು ಸ್ಕಾರ್ಫು ಕಟ್ಟಿ ವಾಪಸ್ ಕಳಿಸಿದ್ರು. ನಾನು ಹಿಡಿದ ಕೆಲಸ ಅರ್ಧಂಬರ್ಧ ಮಾಡೋಳಲ್ಲ. ಒಂಬತ್ತನೇ ಕ್ಲಾಸಿನಿಂದ ಎಂಟು ಹುಡುಗರನ್ನ ಆರಿಸಿದೆ. ಸ್ಕೌಟಲ್ಲಿ ಎಂಟು ಜನರ ಆ ಗುಂಪಿಗೆ ಪೆಟ್ರೋಲು ಅಂತಾರೆ, ಅದಕ್ಕೊಬ್ಬ ಲೀಡರ್ ಬೇಕು. ಯಾರು ಬೇಕೋ ಕೈ ಎತ್ತಿ ಅಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡ್ಕೊಳ್ಳದೆ ಒಬ್ಬನಿಗೇ ಕೈ ಎತ್ತಿದ್ರು. ಕಬಡ್ಡೀಲಿ ಅವನನ್ನ ಹಿಡಿಯೋಕೆ ಆಗ್ತಿರಲಿಲ್ಲ, ಲೆಕ್ಕ ಬರದವರಿಗೆ ಲೆಕ್ಕ ಹೇಳಿಕೊಡ್ತಿದ್ದ, ಅದಕ್ಕೆ. ಬೇರೆ ಏಳು ಹುಡುಗರು ಮೇಲಿನ ಬೀದಿಯವರು, ಇವನೊಬ್ಬ ಕೆಳಗಿನ ಬೀದಿಯವನು ಅನ್ನೋದು ಆ ಹೊತ್ತಲ್ಲಿ ಅವರ ತಲೇಲಿ ಇತ್ತೋ ಇಲ್ಲವೋ ಗೊತ್ತಿಲ್ಲ. ಅವನ ಜೇಬಿನ ಮೇಲೆ ಲೀಡರ್ ಪಟ್ಟಿ ನಾನೇ ಪಿನ್ನು ಮಾಡಿದೆ. ಹುಡುಗ ಆವತ್ತು ಮನೆಗೆ ಆ ಪಟ್ಟಿ ಬಿಚ್ಚದೆ ಹೋದ. ಮಾರನೇ ದಿನ ಅವನ ತರಗತಿಯ ಹುಡುಗಿ ಒಬ್ಬಳು, "ಮಿಸ್, ಅವನು ರಾತ್ರಿ ಮಲಗೋವಾಗ್ಲೂ ಹಾಕ್ಕೊಂಡಿದ್ನಂತೆ" ಅಂತ ಚಾಡಿ ಹೇಳಿದಳು.

ಏಪ್ರಿಲ್ ಹೊತ್ತಿಗೆ ಜಿಲ್ಲಾ ಬೇಸಿಗೆ ಕ್ಯಾಂಪಿನ ಸುತ್ತೋಲೆ ಬಂತು. ನಂಜನಗೂಡಿನ ಹತ್ರ ಹೊಳೆ ದಂಡೆಯ ಮಾವಿನ ತೋಪಿನಲ್ಲಿ ಹತ್ತು ದಿನ. ಡೇರೆ ಹಾಕ್ಕೊಂಡು ಇರಬೇಕು. ಪ್ರತಿ ಪೆಟ್ರೋಲು ತನ್ನ ಅಡುಗೆ ತಾನೇ ಮಾಡಬೇಕು, ಒಂದೇ ಒಲೆ, ಒಟ್ಟಿಗೆ ಊಟ, ಬಡಿಸೋನು ಲೀಡರು. ಎಂಟು ಜನ ಪೂರ್ತಿ ಇದ್ರೆ ಮಾತ್ರ ಪೆಟ್ರೋಲು, ಕಮ್ಮಿ ಬಂದವರನ್ನ ಬೇರೆ ಶಾಲೆಯ ಜೊತೆ ಸೇರಿಸ್ತಾರೆ. ನಾನು ಈ ಅಡುಗೆ ವಿಷಯ ಹುಡುಗರಿಗೆ ಓದಿ ಹೇಳಿದೆ ನೋಡಿ, ಅವತ್ತೇ ಸಾಯಂಕಾಲ ಊರಿಗೆಲ್ಲ ಗೊತ್ತಾಯ್ತು. ಪಾಠ ಹೇಳಿದ್ರೆ ಮನೆ ತನಕ ಹೋಗಲ್ಲ, ಇಂಥದ್ದು ಮಾತ್ರ ರೆಕ್ಕೆ ಕಟ್ಟಿಕೊಂಡು ಹೋಗುತ್ತೆ.

ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯೋ ಹೊತ್ತಿಗೆ ಯಜಮಾನರು ಬಂದು ಹೆಡ್‌ಮಾಸ್ಟರ ರೂಮಲ್ಲಿ ಕೂತಿದ್ರು. ಮೇಲಿನ ಬೀದಿಯ ಯಜಮಾನರು, ಶಾಲೆಯ ಬೆಟರ್‌ಮೆಂಟ್ ಕಮಿಟಿಗೆ ಅಧ್ಯಕ್ಷರೂ ಅವರೇ. ಗೇಟು ಮಾಡಿಸಿ ಕೊಟ್ಟವರು. ಆ ಗೇಟಿನ ಮೇಲೆ ಅವರ ಹೆಸರು ಶಾಲೆಯ ಹೆಸರಿಗಿಂತ ದಪ್ಪಕ್ಕಿತ್ತು. ಅವರ ಮೊಮ್ಮಗ ನನ್ನ ಎಂಟು ಜನರಲ್ಲಿ ಒಬ್ಬ, ಗುಂಡಗೆ, ಸದಾ ಏನಾದ್ರೂ ಅಗೀತಾ ಇರೋ ಹುಡುಗ. ಯಜಮಾನರು ಗಲಾಟೆ ಮಾಡೋ ಮನುಷ್ಯ ಅಲ್ಲ. ಮೆತ್ತಗೆ ಮಾತಾಡ್ತಿದ್ರು. ನನಗೆ ಕೂಗಾಡೋರನ್ನ ಕಂಡ್ರೆ ಭಯ ಇಲ್ಲ, ಈ ಮೆತ್ತನೆಯವರನ್ನ ಕಂಡ್ರೆ ಆಗಲ್ಲ.

"ಏನ್ ಮೇಡಮ್ಮೋರೆ, ನಮ್ ಐಕಳ ಕೈಲಿ ಅಡ್ಗೆ ಮಾಡುಸ್ತೀರಂತೆ?" ಅಂದ್ರು.

"ನಾನಲ್ಲ ಸರ್, ಕ್ಯಾಂಪಿನ ನಿಯಮ" ಅಂದೆ.

"ಮಾಡ್ಲಿ ಮಾಡ್ಲಿ. ಗಂಡೈಕಳು ಕಲೀಲಿ. ಆದ್ರೆ ಒಬ್ರು ಮಾಡಿದ್ನ ಒಬ್ರು ಉಣ್ಣದು ಅಂದ್ರೆ..." ಅಂತ ಹೆಡ್‌ಮಾಸ್ಟರ ಕಡೆ ನೋಡಿದ್ರು. ಹೆಡ್‌ಮಾಸ್ಟರು ಪೇಪರ್‌ವೇಟ್ ತಿರುಗಿಸ್ತಾ ಕೂತಿದ್ರು.

"ಅಂದ್ರೆ?" ಅಂದೆ. ನನಗೆ ಅರ್ಥ ಆಗಿತ್ತು. ಬಾಯಿ ಬಿಟ್ಟು ಹೇಳಲಿ ಅಂತಲೇ ಕೇಳಿದ್ದು.

ಅವರು ಬಾಯಿ ಬಿಡಲಿಲ್ಲ. "ನಿಮ್ಗೆ ಗೊತ್ತಿಲ್ದೇ ಇರಾದೇನದೆ. ಲೀಡ್ರು ಅವ್ನೇ ಆಗ್ಲಿ, ನಾ ಬ್ಯಾಡ ಅಂದ್ನಾ? ಕಾಲ ಬದ್ಲಾಗದೆ, ಕಾನೂನು ಅದೆ, ನಂಗೂ ಗೊತ್ತು. ಲೆಫ್ಟ್ ರೈಟ್ ಅನ್ಲಿ, ಬಾವುಟ ಇಡೀಲಿ. ಒಲೆ ಇಚಾರ ಬ್ಯಾರೆ. ನಮ್ಮೋರು ಯಾರೂ ಐಕಳ ಕಳ್ಸಾಕಿಲ್ಲ, ಅಷ್ಟೇಯ." ಪಂಚೆ ಕೊಡವಿಕೊಂಡು ಎದ್ದು ಹೊರಟೇ ಹೋದ್ರು. ಟೀ ಬರ್ತಾ ಇದೆ ಸರ್, ಟೀ ಕುಡಿದು ಹೋಗಿ ಅಂತ ಹೆಡ್‌ಮಾಸ್ಟರು ಗೇಟಿನ ತನಕ ಅವರ ಹಿಂದೆ ಓಡಿದ್ರು. ನನಗೆ ಮಾತ್ರ ಆ ಶಾಲೇಲಿ ಒಂದು ದಿನವೂ ಟೀ ಕುಡಿದು ಹೋಗಿ ಅಂದಿದ್ದಿಲ್ಲ.

ವಾಪಸ್ ಬಂದು ಅವರೊಂದು ಉಪಾಯ ಹೇಳಿದ್ರು. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅನ್ನೋದರಲ್ಲಿ ಆಯಪ್ಪ ಪಂಡಿತ. ಎರಡು ಪಾತ್ರೆ ತರಿಸೋಣ. ಒಂದರಲ್ಲಿ ಏಳು ಜನ ತಮ್ಮದು ತಾವು ಮಾಡ್ಕೊಳ್ಳಲಿ, ಇನ್ನೊಂದು ಚಿಕ್ಕದರಲ್ಲಿ ಆ ಹುಡುಗ ತನ್ನದು ತಾನು ಮಾಡ್ಕೊಳ್ಳಲಿ. ಇನ್‌ಸ್ಪೆಕ್ಷನ್ನಿಗೆ ಬಂದವರು ಕೇಳಿದ್ರೆ ಒಂದು ಅನ್ನಕ್ಕೆ, ಒಂದು ಸಾರಿಗೆ ಅಂತ ಹೇಳಿದ್ರಾಯ್ತು.

"ಥೂ" ಅಂದೆ. ಅವರ ಮುಖದ ಮೇಲೇ ಅಂದೆ. ನಾನು ಸ್ಕೌಟೇ ಬಿಡ್ತೀನಿ, ಬೇಕಾದ್ರೆ ಸಕ್ಕರೆ ಕಾಯಿಲೆಯವರಿಗೆ ಕೊಡಿ ಅಂದೆ.

"ಬಿಡಿ ಮೇಡಂ" ಅಂದ್ರು ಅವರು, ಸ್ವಲ್ಪವೂ ಬೇಜಾರಾಗದೆ. "ನೀವು ಬಿಟ್ರೆ ಕ್ಯಾಂಪೇ ಇಲ್ಲ. ಯಜಮಾನರಿಗೇನು, ಅವರ ಮೊಮ್ಮಗನಿಗೇನು. ಮಾವನ ಮನೆಗೆ ಹೋಗ್ತಾನೆ, ಮೈಸೂರು ನೋಡ್ತಾನೆ. ನಷ್ಟ ಆಗೋದು ಆ ಲೀಡರ್ ಹುಡುಗನಿಗೆ. ನೋಡಿ, ನಿಮ್ಮಿಷ್ಟ."

ಪಟ್ಟು ಹಾಕೋದು ಅಂದ್ರೆ ಹಾಗೆ. ಹಿಂದಿ ವ್ಯಾಕರಣ ಕಲಿಸೋ ನನಗೆ ಆ ಪಟ್ಟು ಬಿಡಿಸಿಕೊಳ್ಳೋಕೆ ಬರಲಿಲ್ಲ. ಆ ಹುಡುಗನನ್ನೇ ಕೇಳಬೇಕು ಅಂತ ಸಾಯಂಕಾಲ ಕೆಳಗಿನ ಬೀದಿಗೆ ಹೋದೆ.

ಅವನಪ್ಪ ಲೈನ್‌ಮನ್. ಆಗತಾನೇ ಡ್ಯೂಟಿ ಮುಗಿಸಿ ಬಂದು, ಖಾಕಿ ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕ್ತಿದ್ರು. ಗೋಡೆ ಮೇಲೆ ಬುದ್ಧನ ಪಟ, ಅದಕ್ಕೆ ಮಲ್ಲಿಗೆ. ತಾಯಿ ಚಾಪೆ ಹಾಸಿ ನೀರು ತಂದಿಟ್ಟು, ನಾನು ಕುಡೀತೀನೋ ಇಲ್ಲವೋ ಅಂತ ನಿಂತು ನೋಡಿದ್ರು. ಗಟಗಟ ಕುಡಿದೆ. ಲೋಟ ಕೆಳಗಿಟ್ಟು ವಿಷಯ ಹೇಳಿದೆ.

ಎಲ್ಲ ಕೇಳಿಸಿಕೊಂಡು ಅಪ್ಪ ನಕ್ಕರು. ಒಳ್ಳೆ ನಗು ಅಲ್ಲ ಅದು. "ಕರೆಂಟ್ ಓದ್ರೆ ಆ ಯಜಮಾನ್ರು ಆಳು ಕಳುಸ್ತರೆ ಮೇಡಮ್. ಅವ್ರ ಮನೆ ಒಳಗಿನ ಫ್ಯೂಜ್ ಕಟ್ಟೋನು ನಾನು. ದೀಪ ಅತ್ತಿದ ಮೇಲೆ ನೀರ್ ಕುಡೀತೀಯಾ ಅಂತ್ಲೂ ಕೇಳಾಕಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನೀವು ಇದ್ನ ಒಪ್ಕಂಡೇ ಬಂದಿದೀರಾ?" ಅಂದ್ರು.

"ಒಪ್ಪಿಲ್ಲ. ಕೇಳೋಕೆ ಬಂದೆ."

"ನನ್ನ ಕೇಳಿದ್ರೆ ಬ್ಯಾಡ ಅಂತೀನಿ. ಓಗದು ಅವ್ನು, ಅವ್ನ್ನೇ ಕೇಳಿ."

ಹುಡುಗ ಬಾಗಿಲ ಹತ್ರ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ತಲೆ ಎತ್ತದೆ, "ಓಗ್ತೀನಿ ಮಿಸ್. ಲೀಡರ್ ನಾನೇ ತಾನೆ?" ಅಂದ. ಹೌದು ಅಂದೆ. "ಹಂಗಾದ್ರೆ ಓಗ್ತೀನಿ" ಅಂದ. ಅವನಪ್ಪ ಎದ್ದು ಹಿತ್ತಲಿಗೆ ಹೋದ್ರು. ನಾನು ಬಸ್ಸಿಗೆ ಹೊತ್ತಾಯ್ತು ಅಂತ ಹೊರಟೆ. ದಾರಿ ಉದ್ದಕ್ಕೂ ಆ ಊರಿನ ಮೇಲೆ ಬಂದ ಸಿಟ್ಟನ್ನ ಟಿಕೆಟ್ ಚಿಲ್ಲರೆ ಕೊಡದ ಕಂಡಕ್ಟರ್ ಮೇಲೆ ತೀರಿಸಿಕೊಂಡೆ.

ಪಾತ್ರೆ ತರೋಕೆ ಅಟೆಂಡರನ್ನ ನರಸೀಪುರಕ್ಕೆ ಕಳಿಸಿದ್ರು. ಒಂದು ದೊಡ್ಡದು, ಒಂದು ಚಿಕ್ಕದು ಅಂತ ಹೇಳಿದ್ದಕ್ಕೆ ಅವನು ಒಂದೇ ಅಳತೆಯ ಎರಡು ಅಲ್ಯೂಮಿನಿಯಂ ಡಬರಿ ಹೊತ್ಕೊಂಡು ಬಂದ. ಜೋಡಿ ತಗೊಂಡ್ರೆ ಒಂದು ಸೌಟು ಪುಕ್ಕಟೆ ಅಂದ್ರಂತೆ. ಅವಳಿಜವಳಿ ಹಾಗೆ ಪಕ್ಕಪಕ್ಕ ಕೂತಿದ್ದವು. ಈಗ ಯಾವುದು ಯಾರದು ಅಂತ ಗುರುತು ಹಿಡಿಯೋದು ಹೇಗೆ? ಯಜಮಾನರಿಗೆ ಸುದ್ದಿ ಹೋಯ್ತು, ಯಜಮಾನರು ಬಂದ್ರು. ಇಬ್ಬರು ದೊಡ್ಡ ಮನುಷ್ಯರು ಎರಡು ಡಬರಿ ಮುಂದೆ ಇಟ್ಕೊಂಡು ಅರ್ಧ ಪೀರಿಯಡ್ ಚರ್ಚೆ ಮಾಡಿದ್ರು. ಕೊನೆಗೆ ಗೇಟಿಗೆ ಬಳಿದು ಉಳಿದಿದ್ದ ಹಸಿರು ಪೇಂಟಿನಲ್ಲಿ ಒಂದು ಡಬರಿಗೆ ಬೊಟ್ಟು ಇಡಿಸೋದು ಅಂತಾಯ್ತು. ಬೊಟ್ಟಿದ್ದದ್ದು ಆ ಹುಡುಗನದು. ಇನ್‌ಸ್ಪೆಕ್ಷನ್ನವರಿಗೆ ಕಾಣಬಾರದಲ್ಲ, ಅದಕ್ಕೆ ತಳಕ್ಕೆ ಇಡಿ ಅಂದ್ರು ಹೆಡ್‌ಮಾಸ್ಟರು. ಎಂಥ ತಲೆ ಅಂತ ಯಜಮಾನರು ಮೆಚ್ಚಿಕೊಂಡ್ರು.

ಸೌದೆ ಒಲೆ ಮೇಲೆ ಇಡೋ ಪಾತ್ರೆಯ ತಳಕ್ಕೆ ಪೇಂಟು! ಆ ಇಬ್ಬರಲ್ಲಿ ಒಬ್ಬರಾದ್ರೂ ಜನ್ಮದಲ್ಲಿ ಒಂದು ದಿನ ಒಲೆ ಮುಂದೆ ಕೂತಿದ್ರೆ ಆ ಮಾತು ಬಾಯಿಂದ ಬರ್ತಿರಲಿಲ್ಲ. ಅಟೆಂಡರ್ ಬೊಟ್ಟಿಡೋವಾಗ ನಾನು ಅಲ್ಲೇ ನಿಂತಿದ್ದೆ. ನಾನು ಒಂದು ಮಾತೂ ಆಡಲಿಲ್ಲ. ನನ್ನ ಅಭಿಪ್ರಾಯ ಯಾರು ಕೇಳಿದ್ರು?

ತಯಾರಿ ಶುರು ಮಾಡಿದೆ. ಪರೀಕ್ಷೆ ಮುಗಿದು ಶಾಲೆ ಖಾಲಿ. ದಿನಾ ಬಿಸಿಲೇರೋಕೆ ಮುಂಚೆ ಹುಡುಗರನ್ನ ಶಾಲೆಯ ಹಿಂದಿನ ಬಯಲಿಗೆ ಕರ್ಕೊಂಡು ಹೋಗ್ತಿದ್ದೆ. ಅದರಾಚೆ ನಾಲೆ, ನಾಲೆಯಾಚೆ ಕಬ್ಬು. ಡೇರೆ ಕಟ್ಟಿ ಬಿಚ್ಚಿ, ಬಿಚ್ಚಿ ಕಟ್ಟಿ, ಹುಡುಗರ ಅಂಗೈ ಕಿತ್ತುಬಂತು. ಬಿದಿರು ಗಳ ಕಟ್ಟಿ ಪಾತ್ರೆ ಇಡೋ ಸ್ಟ್ಯಾಂಡ್ ಮಾಡಿಸಿದೆ. ಗಂಟು ಸರಿಯಾಗಿ ಬಿಗಿಯದೆ ಹೋದ್ರೆ ನಾನೇ ಕಾಲಲ್ಲಿ ಒದ್ದು ಬೀಳಿಸ್ತಿದ್ದೆ. ಹುಡುಗರು ಬೆನ್ನ ಹಿಂದೆ ನನಗೆ ಒಂದು ಹೆಸರು ಇಟ್ಟಿದ್ರು, ಅದೇನು ಅಂತ ನನಗೆ ಗೊತ್ತಿತ್ತು, ಬರೆಯೋ ಹಾಗಿಲ್ಲ.

ಅಡುಗೆಗೆ ಮುಂಚೆ ಒಂದು ಪಾಠ ಇದೆ. ಡಬರಿಯ ಹೊರಗಡೆಗೆಲ್ಲ ಕೆಸರು ಮಣ್ಣು ಮೆತ್ತಿ ಆಮೇಲೆ ಒಲೆಗಿಡಬೇಕು. ಮಸಿ ಹಿಡಿಯೋದು ಮಣ್ಣಿಗೆ, ಪಾತ್ರೆಗಲ್ಲ. ತೊಳೆಯೋವಾಗ ಬೂದಿ ಹಾಕಿ ತೆಂಗಿನ ನಾರಲ್ಲಿ ಉಜ್ಜಿದ್ರೆ ಎಲ್ಲ ಕಳಚಿಕೊಂಡು ಬೆಳ್ಳಗಾಗುತ್ತೆ. ಹಳ್ಳೀಲಿ ಎಲ್ಲ ತಾಯಂದಿರಿಗೂ ಗೊತ್ತಿರೋ ವಿಷಯವೇ. ಹುಡುಗರಿಗೆ ಮಾತ್ರ ಮೊದಲನೇ ಸಲ ಕೇಳಿದ ಹಾಗೆ ಆಶ್ಚರ್ಯ.

ಮೊದಲ ದಿನದ ಅಡುಗೆ ಉಪ್ಪಿಟ್ಟು. ಒಲೆ ಎರಡು, ಹತ್ತಿರ ಹತ್ತಿರ ಅಲ್ಲ, ಒಂದು ಬೇವಿನ ಮರದ ಈ ಕಡೆ, ಒಂದು ಆ ಕಡೆ. ಮೇಲಿನ ಬೀದಿಯ ಏಳು ಜನಕ್ಕೆ ಬೆಂಕಿ ಹಚ್ಚೋದೇ ಬರಲಿಲ್ಲ. ಊದಿ ಊದಿ ಕಣ್ಣು ಕೆಂಪಗೆ ಮಾಡ್ಕೊಂಡು, ಕೊನೆಗೆ ಒಗ್ಗರಣೆ ಸೀದು, ರವೆ ಗಂಟುಗಂಟಾಗಿ, ಒಳಗೆ ಹಿಟ್ಟು ಹಿಟ್ಟು. ನಾನು ಬಾಯಿಗೆ ಹಾಕ್ಕೊಂಡು ಉಗುಳಿದೆ. "ಇದನ್ನ ನಿಮ್ಮ ಎಮ್ಮೆಗೆ ಹಾಕಿ, ಅದು ತಿಂದ್ರೆ ನಾನು ಕೆಲಸ ಬಿಡ್ತೀನಿ" ಅಂದೆ. ಮರದ ಆ ಕಡೆ ಲೀಡರ್ ಒಬ್ಬನೇ ಕುಕ್ಕರಗಾಲಲ್ಲಿ ಕೂತು ಸೌಟು ಆಡಿಸ್ತಿದ್ದ. ಅಮ್ಮ ಕೂಲಿಗೆ ಹೋದ ದಿನ ಮನೇಲಿ ಒಲೆ ಅವನದೇ ಅಂತೆ. ಕರಿಬೇವಿನ ವಾಸನೆ ಗಾಳೀಲಿ ಈ ಕಡೆಗೇ ಬರ್ತಿತ್ತು. ಡಬರಿ ದೊಡ್ಡದು, ಒಬ್ಬನಿಗೆ ಅಂತ ಅಳತೆ ಸಿಕ್ಕದೆ ಅವನು ಜಾಸ್ತೀನೇ ಹಾಕಿದ್ದ. ಇಲ್ಲಾ ಬೇಕಂತಲೇ ಹಾಕಿದ್ದ.

ಹುಡುಗರು ನನ್ನ ಮುಖ ನೋಡಿದ್ರು. ನಾನು ತಿರುಗಿ ನಾಲೆ ಕಡೆ ನೋಡ್ತಾ ನಿಂತ್ಕೊಂಡೆ. ನೀರು ನಿಲ್ಲಿಸಿದ್ದ ಬರೀ ನಾಲೆ, ತಳದಲ್ಲಿ ಹಾಳುಮೂಳು. ನನ್ನ ಜನ್ಮದಲ್ಲಿ ಯಾವ ನಾಲೆಯನ್ನೂ ಅಷ್ಟು ಹೊತ್ತು ನೋಡಿಲ್ಲ. ಹಿಂದೆ ತಟ್ಟೆ ಸದ್ದು, ಪಿಸಪಿಸ ಮಾತು, ಆಮೇಲೆ ಯಜಮಾನರ ಮೊಮ್ಮಗನ ದನಿ: "ಲೇ, ಇನ್ನೊಂಚೂರು ಆಕ್ಲಾ." ತಿರುಗಿ ನೋಡೋ ಹೊತ್ತಿಗೆ ತಟ್ಟೆ ಎಲ್ಲ ಖಾಲಿ. ಎಂಟು ಜನವೂ ಮುಖ ಸಪ್ಪಗೆ ಮಾಡ್ಕೊಂಡು, ಏನೂ ನಡೆದೇ ಇಲ್ಲ ಅನ್ನೋ ಹಾಗೆ ಕೂತಿದ್ರು. ಮನೆಗೆ ಹೋಗಿ ಯಾರೂ ಬಾಯಿ ಬಿಡಲಿಲ್ಲ. ನಾನು ಹೇಳಿಕೊಟ್ಟ ಒಂದು ವರ್ಷದ ಶಿಸ್ತಿನಲ್ಲಿ ಅವರು ಪೂರ್ತಿ ಪಾಲಿಸಿದ್ದು ಅದೊಂದೇ.

ಎರಡನೇ ಸಲ ಅನ್ನ, ಸಾರು. ಆವತ್ತು ಮರದ ಆ ಕಡೆಯ ಒಲೆ ಹಚ್ಚಲೇ ಇಲ್ಲ. ಎರಡು ಒಲೆಯೂ ಒಂದೇ ಕಡೆ. ಲೀಡರ್ ಒಂದು ಡಬರೀಲಿ ಅನ್ನಕ್ಕಿಟ್ಟು, ಇನ್ನೊಂದರಲ್ಲಿ ಹುರುಳಿ ಸಾರು ಕುದಿಸಿದ. ಒಬ್ಬ ಈರುಳ್ಳಿ ಹೆಚ್ಚಿದ, ಒಬ್ಬ ಬೋರ್‌ವೆಲ್ಲಿಂದ ನೀರು ಹೊತ್ತ, ಯಜಮಾನರ ಮೊಮ್ಮಗ ರುಚಿ ನೋಡೋ ಕೆಲಸ ತಾನಾಗೇ ವಹಿಸಿಕೊಂಡ. ಒಂದು ಅನ್ನಕ್ಕೆ, ಒಂದು ಸಾರಿಗೆ ಅಂತ ಹೆಡ್‌ಮಾಸ್ಟರು ಕಟ್ಟಿದ್ದ ಸುಳ್ಳು ನನ್ನ ಕಣ್ಣ ಮುಂದೆ ನಿಜ ಆಗಿ ಕುದೀತಾ ಇತ್ತು. ನನಗೂ ಒಂದು ತಟ್ಟೆ ಬಡಿಸಿದ್ರು. ನಮ್ಮ ಮನೇಲಿ ನಾನು ಮಾಡೋ ಸಾರು ಅಷ್ಟು ಚೆನ್ನಾಗಿರಲ್ಲ, ನನ್ನ ಗಂಡನನ್ನ ಬೇಕಾದ್ರೆ ಕೇಳಿ.

ಮೂರನೇ ಸಲವೂ ಹಾಗೇ. ಆ ಹಸಿರು ಬೊಟ್ಟು ಮೊದಲನೇ ದಿನವೇ ಬೊಬ್ಬೆ ಎದ್ದಿತ್ತು. ಬೆಂಕಿ, ಬೂದಿ, ನಾರು, ಮೂರು ಸಲ ಆದ ಮೇಲೆ ಎರಡು ಡಬರಿಯ ತಳದಲ್ಲೂ ಪೇಂಟಿನ ಗುರುತು ಚೂರೂ ಉಳಿಯಲಿಲ್ಲ.

ಹೊರಡೋ ದಿನ ಬೆಳಿಗ್ಗೆ ಊರ ಬಸ್ ಸ್ಟಾಪಿನಲ್ಲಿ ಜಾತ್ರೆಯ ಹಾಗೆ ಜನ. ಟ್ರಂಕು, ಹಾಸಿಗೆ ಸುರುಳಿ, ಚಕ್ಕುಲಿ ಡಬ್ಬ. ನರಸೀಪುರದ ಬಸ್ಸು ಬಂದು ನಿಂತು, ಡ್ರೈವರ್ ಟೀ ಕುಡಿಯೋಕೆ ಇಳಿದ. ಹುಡುಗರೆಲ್ಲ ಯೂನಿಫಾರಂ ಹಾಕ್ಕೊಂಡು ಹತ್ತಿ ಕೂತಾಗಿತ್ತು. ಲೀಡರ್ ಕಿಟಕಿ ಪಕ್ಕ ಕೂತು, ಪಟ್ಟಿ ನೆಟ್ಟಗಿದೆಯಾ ಅಂತ ಎರಡು ಸಲ ನೋಡ್ಕೊಂಡ. ಅವನಪ್ಪ ಡ್ಯೂಟಿಗೆ ಹೋಗಿದ್ರು, ಅಮ್ಮ ದೂರದಲ್ಲಿ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ರು. ಡಬರಿ ಎರಡನ್ನೂ ಗೋಣಿಚೀಲಕ್ಕೆ ಹಾಕಿ ಮೇಲೆ ಕಟ್ಟೋಕೆ ಇಟ್ಟಿದ್ದೆ. ಯಜಮಾನರು ಬಂದ್ರು, ಚೀಲದ ಬಾಯಿ ಬಿಚ್ಚಿಸಿದ್ರು, ಡಬರಿ ಎತ್ತಿ ಬೋರಲು ಹಾಕಿ ನೋಡಿದ್ರು. ಎರಡನೆಯದನ್ನೂ ನೋಡಿದ್ರು. ಬೆಳ್ಳಗೆ ಫಳಫಳ ಅನ್ನೋ ಎರಡು ತಳ.

"ಬೊಟ್ಟೆಲ್ಲಿ?" ಅಂದ್ರು.

ಹೆಡ್‌ಮಾಸ್ಟರು ಅಟೆಂಡರನ್ನ ನೋಡಿದ್ರು, ಅಟೆಂಡರ್ ನನ್ನ ನೋಡಿದ. "ನನಗೇನು ಗೊತ್ತು, ನಾನು ಹಿಂದಿ ಟೀಚರ್" ಅಂದೆ.

"ಯಾವ್ದು ನಮ್ದು, ಯಾವ್ದು ಅವ್ರುದು?"

ಯಾರಿಗೆ ಗೊತ್ತು? ಏಳು ಹುಡುಗರ ಅಪ್ಪಂದಿರಲ್ಲಿ ನಾಲ್ಕು ಜನ ಅಲ್ಲಿದ್ರು. ಡಬರಿ ಕೈಯಿಂದ ಕೈಗೆ ಹೋಯ್ತು. ಒಬ್ಬರು ಮೂಸಿ ನೋಡಿದ್ರು. ದೇವರಾಣೆ, ಮೂಸಿ ನೋಡಿದ್ರು. ನನಗೆ ನಗು ತಡೆಯೋಕಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಯಜಮಾನರು ಮಾತ್ರ ಗಲಿಬಿಲಿ ಆಗಲಿಲ್ಲ. ಹೇಳಿದ್ನಲ್ಲ, ಮೆತ್ತನೆ ಮನುಷ್ಯ. "ಓಗ್ಲಿ ಬುಡಿ. ಇವೆಲ್ಡೂ ಬ್ಯಾಡ. ನರಸೀಪುರದಲ್ಲಿ ಇಳ್ದಾಗ ಒಸಾದು ಒಂದು ತಕ್ಕಳಿ, ನಮ್ ಐಕಳಿಗೆ. ಕಂಠದ ಮೇಲೆ ಗುರ್ತು ಆಕ್ಸಿ ಈ ಸಲ. ಅವ್ನು ಇದ್ರಲ್ಲೇ ಮಾಡ್ಕಳ್ಳಿ" ಅಂದ್ರು. ಹೆಡ್‌ಮಾಸ್ಟರ ಮುಖಕ್ಕೆ ಜೀವ ಬಂತು. "ಸರಿ ಸರ್, ಸರಿ ಸರ್. ಮೇಡಂ, ಅಡ್ಜಸ್ಟ್ ಮಾಡಿ" ಅಂದ್ರು. ಡ್ರೈವರ್ ಟೀ ಲೋಟ ಇಟ್ಟು ಬಂದ. ಮುಗೀತು, ಎಂಟು ಜನವೂ ಹೊರಟ್ವಿ ಅಂತ ನಾನೂ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೆ.

"ಒಸಾದು ಯಾಕೆ ಸಾ?"

ಕಿಟಕಿಯಿಂದ ಬಂದ ದನಿ. ಜೋರಾಗಿರಲಿಲ್ಲ, ಆದ್ರೆ ಎಲ್ಲರಿಗೂ ಕೇಳಿಸ್ತು. "ಎಲ್ಡ್ರಲ್ಲೂ ನಾನೇ ಅಡ್ಗೆ ಮಾಡಿರಾದು. ಎಲ್ರೂ ಉಂಡವ್ರೆ. ನಿಮ್ ಮೊಮ್ಮಗ ಎಲ್ಡೆಲ್ಡು ಕಿತ ಬಡಿಸ್ಕಂಡವ್ನೆ."

 ಯಜಮಾನರು ಆ ಕಿಟಕಿ ಹತ್ರ ಹೋಗಿ ಮೊಮ್ಮಗನಿಗೆ, "ಔದೇನ್ಲಾ?" ಅಂದ್ರು. ಮೊದಲನೇ ಸಲ ಅವರ ದನಿ ಏರಿದ್ದು ಅವಾಗ. ಆ ಗುಂಡ ಹುಡುಗ ಲೀಡರ್ ಪಕ್ಕದಲ್ಲೇ ಕೂತಿದ್ದ, ಭುಜಕ್ಕೆ ಭುಜ ತಾಗಿಸಿಕೊಂಡು. "ಇಲ್ಲ ತಾತ" ಅಂದ. "ಸುಳ್ಳು ಯೋಳ್ತವ್ನೆ ಅವ್ನು. ನಾ ಮುಟ್ಟೇ ಇಲ್ಲ." ಅಂದವನೇ ಅಳೋಕೆ ಶುರು ಮಾಡಿದ. ಲೀಡರ್ ಅವನ ಕಡೆ ಒಂದು ಸಲ ತಿರುಗಿ ನೋಡಿದ.  ಸ್ವಲ್ಪ ಸರಿದು ಕೂತ.

ಆಮೇಲೆ ನಡೆದದ್ದು ಬೀದಿ ರಂಪ. ಅಪ್ಪಂದಿರು ಬಸ್ಸಿಗೆ ನುಗ್ಗಿ, ತಮ್ಮತಮ್ಮ ಹುಡುಗರ ರಟ್ಟೆ ಹಿಡಿದು ಎಳ್ಕೊಂಡು ಇಳಿದ್ರು. ಟ್ರಂಕು ಕಿಟಕಿಯಿಂದ ಬಿದ್ದವು. "ನಂಜನಗೂಡಿಂದ ಬಂದು ನಮ್ಮೂರು ಕೆಡುಸ್ತೀಯಾ" ಅಂತ ಒಬ್ಬರು ನನಗೆ ಏಕವಚನದಲ್ಲಿ ಕೂಗಿದ್ರು. "ನಿಮ್ಮೂರು ಕೆಡೋಕೆ ನಾನ್ಯಾಕಯ್ಯ ಬೇಕು, ನೀನೊಬ್ಬ ಸಾಲದಾ" ಅಂತ ನಾನೂ ಕೂಗಿದೆ. ಅವನ ಹೆಂಡತಿ ಮುಂದೆ ಬಂದು ಮಣ್ಣು ತೂರಿದಳು. ಆ ಸೀರೆಯನ್ನ ಎರಡು ಸಲ ಒಗೆದೆ. ಯಜಮಾನರು ಮೊಮ್ಮಗನ ಕಿವಿ ಹಿಡ್ಕೊಂಡು ಮೇಲಿನ ಬೀದಿ ಕಡೆ ನಡೆದೇಬಿಟ್ರು. ಮಳೆಗಾಲದ ಹೊತ್ತಿಗೆ ನನಗೆ ವರ್ಗದ ಆರ್ಡರ್ ಬಂತು, ಅದು ಬೇರೆ ಮಾತು. ಕಂಡಕ್ಟರ್ ಮಾತ್ರ ಯಾರ ಜಗಳವನ್ನೂ ತಲೆಗೆ ಹಚ್ಚಿಕೊಳ್ಳದೆ, "ಇಳಿಯೋರು ಇಳ್ಕಳಿ, ಅತ್ತೋರು ಅತ್ಕಳಿ, ಟೈಮಾಯ್ತು" ಅಂತ ಬಾಗಿಲು ಬಡಿದ. ಹೆಡ್‌ಮಾಸ್ಟರು ಅಷ್ಟು ಹೊತ್ತಿಗೆ ಎಲ್ಲೋ ಕರಗಿ ಹೋಗಿದ್ರು.

ಬಸ್ಸು ಹೊರಟಾಗ ಒಳಗೆ ಉಳಿದದ್ದು ಮೂವರು. ಲೀಡರ್, ಮತ್ತೆ ಅಪ್ಪಂದಿರು ಬಸ್ ಸ್ಟಾಪಿಗೆ ಬಂದಿರದ ಇಬ್ಬರು. ಆ ಇಬ್ಬರು ಧೈರ್ಯಕ್ಕೆ ಉಳಿದವರಲ್ಲ, ಎಳೆಯೋಕೆ ಯಾರೂ ಇರಲಿಲ್ಲ, ಅಷ್ಟೆ.

 ಒಂದು ವರ್ಷದ ಕೆಲಸ ಕಣ್ಣೆದುರಿಗೆ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗಿಹೋಗಿತ್ತು. ಮೂರು ಜನಕ್ಕೆ ಪೆಟ್ರೋಲ್ ಇಲ್ಲ. ಕ್ಯಾಂಪಿನಲ್ಲಿ ಬೇರೆ ಯಾವುದೋ ಶಾಲೆಯ ಗುಂಪಿಗೆ ಸೇರಿಸ್ತಾರೆ, ಆ ಗುಂಪಿಗೆ ಅವರದೇ ಲೀಡರ್ ಇರ್ತಾನೆ. ಇವನ ಪಟ್ಟಿ ಮೊದಲನೇ ದಿನವೇ ಬಿಚ್ಚಿಸ್ತಾರೆ. ಅದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಸುತ್ತೋಲೆ ಓದಿ ಹೇಳಿದವಳು ನಾನೇ ತಾನೆ.

ಸಿಟ್ಟನ್ನ ಯಾರ ಮೇಲೆ ಹಾಕಲಿ? ಎದುರಿಗೆ ಇದ್ದವನು ಅವನೇ. "ಬಾಯಿ ಮುಚ್ಕೊಂಡು ಕೂತಿದ್ರೆ ನಿನ್ನ ಗಂಟೇನೋ ಹೋಗ್ತಿತ್ತು?" ಅಂದೆ. "ಎಲ್ಲ ಸರಿಹೋಗಿತ್ತಲ್ಲೋ. ಎಂಟು ಜನವೂ ಹೋಗ್ತಿದ್ವಿ. ಲೀಡರ್ ಆಗಿರ್ತಿದ್ದೆ. ಹತ್ತು ದಿನ ಕಣೋ, ಹತ್ತೇ ದಿನ!"

ಅವನು ಕಿಟಕಿಯಾಚೆ ನೋಡ್ತಿದ್ದವನು ನನ್ನ ಕಡೆ ತಿರುಗಿದ. ಅತ್ತಿರಲಿಲ್ಲ. ಅವನಿಗೂ ನನ್ನ ಮೇಲೆ ಸಿಟ್ಟಿತ್ತು, ಅದು ಆಗ ಕಾಣಿಸ್ತು.

"ಅಷ್ಟ್ ದಿನ ಒಟ್ಗೇ ಉಂಡ್ಬುಟ್ಟು, ಅಲ್ಲೋಗಿ ಮತ್ತೆ ಮರದ ಆ ಕಡೆ ಕೂತ್ಕಬೇಕಿತ್ತಾ ಮಿಸ್?"